ಆರೈಕೆ ಮಾಡುವವರ ಮಾತೂ ಸುದ್ದಿಯಾಗಲಿ

ಪ್ರಶ್ನೆ: ವಿಕಲಚೇತನ ಮಕ್ಕಳ ತಾಯಂದಿರೆಲ್ಲ ಸೇರಿ ಸಂಘ ಕಟ್ಟಿಕೊಂಡಿದ್ದೇವೆ. ಪತ್ರಿಕೆಯವರನ್ನು ಕರೆದರೆ ಗಾಲಿಕುರ್ಚಿ ಹಂಚುವ ಫೋಟೊ ಹಾಕುತ್ತಾರೆ, ನಮ್ಮ ಕಷ್ಟ ಬರೆಯುವುದಿಲ್ಲ. ಏನು ಮಾಡಬೇಕು ಮೇಡಂ?
– ಒಬ್ಬ ತಾಯಿ, ರಾಯದುರ್ಗ

ಉತ್ತರ: ಸಮಾರಂಭಕ್ಕೆ ಕರೆದರೆ ವರದಿಗಾರರು ಸಮಾರಂಭವನ್ನೇ ಬರೆಯುತ್ತಾರಮ್ಮ. ಮನೆಗೆ ಕರೆಯಿರಿ. ನೀವು ಮಗುವನ್ನು ಎತ್ತಿ, ತೊಳೆದು, ಉಣಿಸಿ, ಮಗ್ಗುಲು ಬದಲಿಸುವುದನ್ನು ಅರ್ಧ ದಿನ ಕೂತು ನೋಡಲಿ. ನಿಮ್ಮೂರಿನ ಜೀನ್ಸ್ ಹೊಲಿಗೆ ಕೆಲಸವನ್ನು ಮಗುವಿಗಾಗಿ ಬಿಟ್ಟವರು ಸಂಘದಲ್ಲಿದ್ದರೆ, ತಿಂಗಳಿಗೆ ಕೈತಪ್ಪಿದ ಕೂಲಿ ಎಷ್ಟೆಂದು ಬರೆದುಕೊಡಿ. ಕಣ್ಣೀರಿಗಿಂತ ಆ ಲೆಕ್ಕಕ್ಕೆ ತೂಕ ಹೆಚ್ಚು.

ಬೇಡಿಕೆ ಒಂದೇ ಇರಲಿ: ಆರೈಕೆ ಮಾಡುವವರಿಗೆ ಭತ್ಯೆ. ಹೆಚ್ಚಿನ ನೆರವು ಬೇಕಾದ ವಿಕಲಚೇತನರಿಗೆ ಆರೈಕೆ ಭತ್ಯೆ ಇರಬೇಕೆಂದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 24ನೇ ಸೆಕ್ಷನ್ ಹೇಳುತ್ತದೆ. ಗಡಿಯಾಚೆಯ ಕರ್ನಾಟಕ ಸೆರೆಬ್ರಲ್ ಪಾಲ್ಸಿ, ಪಾರ್ಕಿನ್ಸನ್‌ನಂಥ ಕಾಯಿಲೆಯವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿಯನ್ನು 2024–25ರ ಬಜೆಟ್‌ನಲ್ಲಿ ಘೋಷಿಸಿತು. ನಿಮ್ಮ ಆಂಧ್ರದಲ್ಲಿ ಹಾಸಿಗೆ ಹಿಡಿದವರ ಪಿಂಚಣಿ 2024ರ ಜುಲೈಯಿಂದ 15,000 ರೂಪಾಯಿ ಆಗಿದೆ. ದೊಡ್ಡ ಮೊತ್ತ, ನಿಜ. ಆದರೆ ಅದು ಮಲಗಿದವರ ಪಾಲಿನದು, ಕೂಲಿ ಬಿಟ್ಟವಳದ್ದಲ್ಲ. ಈ ಬೇಡಿಕೆ ತೆಲುಗಿನಲ್ಲಿ, ಈನಾಡು, ಸಾಕ್ಷಿ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಬಂದರೆ ಅಧಿಕಾರಿಗಳ ಕಣ್ಣಿಗೆ ಬೀಳುತ್ತದೆ. ‘ಪೂರ್ವಜನ್ಮದ ಪಾಪ’ ಎನ್ನುವ ನೆಂಟರಿಗೆ, ನೆರೆಯವರಿಗೆ ಮುಟ್ಟಬೇಕಾದದ್ದು ಮಾತ್ರ ಕನ್ನಡದಲ್ಲೇ ಹೋಗಲಿ. ಚಿತ್ರದುರ್ಗ ಆಕಾಶವಾಣಿಗೆ ಬರೆಯಿರಿ. ಮೈಕ್ ಮುಂದೆ ಸಂಕೋಚ ಬೇಡ. ಕೋಲಾರದ ಬೂದಿಕೋಟೆಯಲ್ಲಿ ಹಳ್ಳಿಯ ಹೆಣ್ಣುಮಕ್ಕಳೇ ‘ನಮ್ಮ ಧ್ವನಿ’ ಬಾನುಲಿಗೆ ಕಾರ್ಯಕ್ರಮ ತಯಾರಿಸಿದ್ದಾರೆ.

ಪ್ರಶ್ನೆ: ನನ್ನ ತಮ್ಮನಿಗೆ ಮಾನಸಿಕ ಕಾಯಿಲೆ, ಆಸ್ಪತ್ರೆಯಲ್ಲಿದ್ದಾನೆ. ಟಿವಿಯವರು ಅವನ ವಿಡಿಯೊ ಕೇಳುತ್ತಿದ್ದಾರೆ. ಕೊಡಲೇ?
– ಅಕ್ಕ, ಮಡಕಶಿರ

ಉತ್ತರ: ಅವನು ಒಪ್ಪದೆ ಕೊಡಬೇಡಿ. ಮಾನಸಿಕ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುವವರ ಫೋಟೊ, ವಿವರ ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಹೋಗಕೂಡದೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಇದೆ. ಟಿವಿಯಲ್ಲಿ ಬಂದ ದೃಶ್ಯ ಊರಿನ ಮೊಬೈಲುಗಳಲ್ಲಿ ಉಳಿದುಬಿಡುತ್ತದೆ. ಗುಣವಾಗಿ ಬಂದವನಿಗೆ ಕೆಲಸ ಕೊಡುವವರೂ ಅದನ್ನು ನೋಡಿರುತ್ತಾರೆ. ಅವನ ಗುರುತು ಸಿಗದಂತೆ ನಿಮ್ಮ ಅನುಭವವನ್ನಷ್ಟೇ ಹೇಳಿ: ನಿದ್ದೆಗೆಟ್ಟ ರಾತ್ರಿ, ಔಷಧಿಗೆ ಮಾಡಿದ ಸಾಲ, ನಿಮ್ಮನ್ನು ಯಾರೂ ಹೇಗಿದ್ದೀಯ ಎಂದು ಕೇಳದಿರುವುದು.

ಸುದ್ದಿ ಬಂದ ಮೇಲೆ ಸುಮ್ಮನಾಗಬೇಡಿ. 2022ರ ಏಪ್ರಿಲ್ 4ರಿಂದ ಮಡಕಶಿರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ನಿಮ್ಮ ಕಷ್ಟ ತಿಳಿಸುವ ಅರ್ಜಿಯನ್ನು ಅನಂತಪುರಕ್ಕಲ್ಲ, ಪುಟ್ಟಪರ್ತಿಯ ಕಲೆಕ್ಟರ್ ಕಚೇರಿಗೆ ಕೊಡಿ. ಪತ್ರಿಕೆಯ ತುಣುಕು ಲಗತ್ತಿಸಿ, ರಸೀದಿ ಕೇಳಿ ಪಡೆಯಿರಿ.