ಸಿಡೆನ್‌ಹ್ಯಾಮ್ ಕಾಲೇಜಿನ ಪೂರ್ವಕಥೆ

ಚರ್ಚ್‌ಗೇಟ್ ಸ್ಟೇಷನ್ನಿನಲ್ಲಿಳಿದು ಕಚೇರಿಗೆ ಓಡುವ ನಮ್ಮವರಲ್ಲಿ ಅನೇಕರು ಬಿ ರೋಡಿನ ಸಿಡೆನ್‌ಹ್ಯಾಮ್ ಕಾಲೇಜನ್ನು ಕಂಡಿರುತ್ತೀರಿ. ಲೆಕ್ಕ ಬರೆದು ಹೊಟ್ಟೆ ಹೊರೆಯುವ ನಮಗೂ ಆ ವಿದ್ಯಾಸಂಸ್ಥೆಗೂ ಇರುವ ನಂಟನ್ನು ವಾಚಕರಿಗೆ ತಿಳಿಸುವ ಸಲುವಾಗಿ ಈ ನಾಲ್ಕು ಮಾತು.

ಕಾಲೇಜು ಸ್ಥಾಪನೆಯಾದದ್ದು 1913ರಲ್ಲಿ. ಆ ವರ್ಷದವರೆಗೆ ಮುಂಬಯಿಯ ಗವರ್ನರರಾಗಿದ್ದ ಲಾರ್ಡ್ ಸಿಡೆನ್‌ಹ್ಯಾಮ್‌ರ ಹೆಸರನ್ನು ಅದಕ್ಕಿಟ್ಟರು. ಏಷ್ಯಾ ಖಂಡದಲ್ಲಿಯೇ ಮೊದಲ ವಾಣಿಜ್ಯ ಕಾಲೇಜೆಂದು ಇದನ್ನು ಹೊಗಳುವುದುಂಟು. ಜಪಾನಿನ ಟೋಕಿಯೋದಲ್ಲಿ 1875ರಲ್ಲೇ ವ್ಯಾಪಾರ ಶಾಲೆ ಇದ್ದುದರಿಂದ ಆ ಮಾತನ್ನು ಸ್ವಲ್ಪ ತಡೆದೇ ಆಡಬೇಕು.

ಊರಿನಲ್ಲಿ ಅರಳೆ ಪೇಟೆ, ಮಿಲ್ಲು, ಬ್ಯಾಂಕು, ಹಡಗಿನ ವ್ಯಾಪಾರ ಎಲ್ಲವೂ ಇದ್ದವು. ಜಮಾಖರ್ಚನ್ನು ಕ್ರಮವಾಗಿ ಕಲಿತವರು ಮಾತ್ರ ಕಡಿಮೆ. ಅದೇ 1913ರ ಕಂಪನಿ ಕಾಯಿದೆಯು ಸರ್ಟಿಫಿಕೇಟು ಪಡೆದ ಆಡಿಟರರಿಂದ ಲೆಕ್ಕ ತಪಾಸಣೆಯಾಗಬೇಕೆಂದು ವಿಧಿಸಿತು. 1918ರಲ್ಲಿ ಮುಂಬಯಿಯಲ್ಲಿ ಸರ್ಕಾರಿ ಅಕೌಂಟೆನ್ಸಿ ಡಿಪ್ಲೊಮಾ ಬಂತು. ಲೆಕ್ಕಶಾಸ್ತ್ರದಲ್ಲಿ ಹೆಸರಾಂತ ಕೆ. ಎಸ್. ಅಯ್ಯರ್ ಅವರು ಆರಂಭದ ದಿನಗಳಲ್ಲಿ ಕಾಲೇಜನ್ನು ನಡೆಸಿದರು. ಬಳಿಕ ಪರ್ಸಿ ಆನ್‌ಸ್ಟೆ ಪ್ರಿನ್ಸಿಪಾಲರಾದರು.

ನನ್ನ ಮನಸ್ಸಿನಲ್ಲಿ ನಿಂತಿರುವ ಕಥೆ ಇವರದಲ್ಲ. 1918ರ ನವೆಂಬರಿನಲ್ಲಿ ಡಾ. ಬಿ. ಆರ್. ಅಂಬೇಡ್ಕರ್ ಅವರು ಇಲ್ಲಿ ಅರ್ಥಶಾಸ್ತ್ರದ ಪ್ರೊಫೆಸರರಾಗಿ ಬಂದರು. ಸಂಬಳ ತಿಂಗಳಿಗೆ 450 ರೂಪಾಯಿ. ಅವರ ಪಾಠ ಕೇಳಲು ಬೇರೆ ಕಾಲೇಜಿನ ಹುಡುಗರೂ ಬರುತ್ತಿದ್ದರಂತೆ. ಆದರೂ ಅಧ್ಯಾಪಕರ ಕೋಣೆಯ ನೀರಿನ ಮಡಕೆಯನ್ನು ಅವರು ಮುಟ್ಟಬಾರದೆಂದು ಕೆಲವು ಸಹೋದ್ಯೋಗಿಗಳು ತಕರಾರು ತೆಗೆದರು. ಪುಸ್ತಕ ಬರೆದಷ್ಟೂ ಬುದ್ಧಿ ಬರುವುದಿಲ್ಲ, ನೋಡಿ! ಅವರು ಸಂಬಳದಲ್ಲಿ ಉಳಿತಾಯ ಮಾಡಿ, 1920ರ ಮಾರ್ಚಿಯಲ್ಲಿ ಕೆಲಸ ಬಿಟ್ಟು, ನಿಂತುಹೋಗಿದ್ದ ವ್ಯಾಸಂಗವನ್ನು ಮುಗಿಸಲು ಲಂಡನ್ನಿಗೆ ಹೋದರು. ರೂಪಾಯಿಯ ಸಮಸ್ಯೆಯನ್ನು ಕುರಿತ ಅವರ ಪ್ರಬಂಧಕ್ಕೆ 1923ರಲ್ಲಿ ಡಿ.ಎಸ್ಸಿ. ಪದವಿ ದೊರೆಯಿತು.

ಮುಂದೆ 1946ರಲ್ಲಿ ಅವರೇ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜನ್ನು ತೆರೆದಾಗ, ನೌಕರಿ ಮಾಡುವವರೂ ಓದಲೆಂದು ಬೆಳಗಿನ ಹೊತ್ತು ತರಗತಿಗಳನ್ನಿಟ್ಟರು. 1953ರಲ್ಲಿ ಆ ಸಂಸ್ಥೆಯವರ ವಾಣಿಜ್ಯ ಕಾಲೇಜೂ ಆಯಿತು. ತಾವು ಪಾಠ ಹೇಳಿದ ಕಾಲೇಜಿನ ಹಗಲು ಬೆಂಚಿನಲ್ಲಿ ಗುಮಾಸ್ತನಿಗೆ ಎಡೆಯಿಲ್ಲದ್ದನ್ನು ಅವರು ಮರೆತಿರಲಿಲ್ಲವೆಂಬುದು ನನ್ನ ಊಹೆ.

ಹೊತ್ತಿನ ಬೆಲೆ ನನಗೆ ಗೊತ್ತು. ಮೆಟ್ರಿಕ್ ಆದ ಮೇಲೆ ನಾನೂ ಬೆಳಗಿನ ಕಾಲೇಜೊಂದಕ್ಕೆ ಹೆಸರು ಹಚ್ಚಿದ್ದೆ. ಆಗ ನಾನಿದ್ದ ಕಚೇರಿಯಲ್ಲಿ ಹತ್ತು ನಿಮಿಷ ತಡವಾದರೆ ಅರ್ಧ ದಿನದ ಸಂಬಳಕ್ಕೆ ಕತ್ತರಿ. ಒಂದು ಟರ್ಮಿಗೆ ಬಿಟ್ಟೆ. ಆಗ ಕೊಂಡ ಜಮಾಖರ್ಚಿನ ಪುಸ್ತಕ ಈಗ ನಮ್ಮ ವಾಚನಾಲಯದ ಎರಡನೆಯ ಕಪಾಟಿನಲ್ಲಿದೆ. ಮೊದಲ ಮೂರು ಅಧ್ಯಾಯಗಳ ಅಂಚಿನಲ್ಲಿ ನನ್ನ ಪೆನ್ಸಿಲ್ ಗುರುತುಗಳಿವೆ. ಬೇಕಾದವರು ಅಳಿಸಿಕೊಂಡು ಓದಬಹುದು.