ಜಕಾರ್ತಾ ಕುಸಿದರೆ ಬೆಂಗಳೂರು ಯಾಕಿಲ್ಲ?

ಪ್ರಶ್ನೆ: ಬೋರ್‌ವೆಲ್ ಕೊರೆದೂ ಕೊರೆದೂ ಜಕಾರ್ತಾ ಕುಸಿಯುತ್ತಿದೆಯಂತೆ. ಆ ವಿಷಯದಲ್ಲಿ ಬೆಂಗಳೂರೇನು ಕಡಿಮೆಯೆ? ಇದೂ ಒಂದು ದಿನ ಹಾಗೇ ಕುಸಿದೀತೆ?
– ಓದುಗರೊಬ್ಬರು, ತುಮಕೂರು

ಉತ್ತರ: ಜಕಾರ್ತಾದಷ್ಟು ಕುಸಿಯಲಾರದು. ಅದು ನಮ್ಮ ಜಾಣತನವಲ್ಲ, ಕಾಲ ಕೆಳಗಿನ ಕಲ್ಲಿನ ಪುಣ್ಯ.

ಜಕಾರ್ತಾ ನಿಂತಿರುವುದು ನದಿಗಳು ತಂದು ಹಾಕಿದ ಮೆಕ್ಕಲು ಮಣ್ಣಿನ ಮೇಲೆ. ಮರಳಿನ ಪದರ, ಅದರ ಮೇಲೆ ಜೇಡಿ, ಮತ್ತೆ ಮರಳು. ಮರಳಿನ ನೀರನ್ನು ಮೇಲಕ್ಕೆಳೆದಾಗ ಜೇಡಿಯೊಳಗಿನ ನೀರೂ ಮೆಲ್ಲಗೆ ಅತ್ತ ಜಿನುಗುತ್ತದೆ. ಮೇಲಿನ ಭಾರದಲ್ಲಿ ಪಾಲು ಹೊತ್ತಿದ್ದದ್ದು ಅದೇ ನೀರು. ಅದು ಹೋದ ಮೇಲೆ ಜೇಡಿ ಅಮರಿಕೊಳ್ಳುತ್ತದೆ. ಪಾಯಕ್ಕೆ ತುಂಬಿದ ಮಣ್ಣು ಇಳಿಯುವುದನ್ನು ಮನೆ ಕಟ್ಟಿಸಿದವರು ಕಂಡಿರುತ್ತಾರೆ. ಇಲ್ಲಿ ಇಳಿಯುವುದು ಊರಿಗೆ ಊರೇ. ಆಮೇಲೆ ಎಷ್ಟು ಮಳೆ ಸುರಿದರೂ ಅಮರಿದ ಜೇಡಿ ಮೊದಲಿನಂತೆ ಉಬ್ಬುವುದಿಲ್ಲ. ಉತ್ತರ ಜಕಾರ್ತಾದ ಕೆಲವೆಡೆ ನೆಲ ವರ್ಷಕ್ಕೆ 10 ಸೆಂಟಿಮೀಟರಿಗೂ ಹೆಚ್ಚು ಇಳಿದದ್ದುಂಟು. ಸಮುದ್ರ ಏರುತ್ತಿದೆ ಎನ್ನುತ್ತಾರೆ. ನಿಜ, ಆದರೆ ಅದು ವರ್ಷಕ್ಕೆ ಕೆಲವು ಮಿಲಿಮೀಟರ್ ಅಷ್ಟೆ. ಉತ್ತರ ಜಕಾರ್ತಾದ ಮುಆರಾ ಬಾರುವಿನಲ್ಲಿ ಸಮುದ್ರದ ತಡೆಗೋಡೆಯಾಚೆ ಪಾಳುಬಿದ್ದ ಮಸೀದಿಯೊಂದು ನೀರಿನಲ್ಲಿ ನಿಂತಿದೆ.

ಬೆಂಗಳೂರಿನ ಅಡಿಯಲ್ಲಿರುವುದು ಗಟ್ಟಿಯಾದ ನೈಸ್ ಶಿಲೆ. ಆಳದ ನೀರು ಬಂಡೆಯ ಬಿರುಕುಗಳಲ್ಲಿರುತ್ತದೆ. ಬಿರುಕು ಬತ್ತಿದರೂ ಬಂಡೆ ಅಲ್ಲಾಡುವುದಿಲ್ಲ. ಬೋರ್‌ವೆಲ್ ಮಾತ್ರ ಧೂಳು ಉಗುಳುತ್ತದೆ. 2024ರ ಬೇಸಿಗೆಯಲ್ಲಿ ಆದದ್ದು ಅದೇ.

ಎರಡೂ ಊರುಗಳ ರೋಗ ಮಾತ್ರ ಒಂದೇ: ಮೊದಲು ಜನ, ಆಮೇಲೆ ನಲ್ಲಿ. 2020ರ ಜನಗಣತಿಯ ಹೊತ್ತಿಗೆ ಜಕಾರ್ತಾ ಒಂದು ಕೋಟಿ ದಾಟಿತ್ತು, ನಲ್ಲಿ ನೀರು ಎಲ್ಲರ ಮನೆಗೂ ತಲುಪಿರಲಿಲ್ಲ. ನಮ್ಮಲ್ಲಿ 110 ಹಳ್ಳಿಗಳು ಪಾಲಿಕೆಗೆ ಸೇರಿದ್ದು 2007ರಲ್ಲಿ. ಅವುಗಳಿಗೆಂದೇ ರೂಪಿಸಿದ ಕಾವೇರಿ ನೀರು ಯೋಜನೆಯ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ನಡುವಿನ 17 ವರ್ಷ ಬೋರ್‌ವೆಲ್ಲು, ಟ್ಯಾಂಕರು. ನಲ್ಲಿ ಇಲ್ಲದವನಿಗೆ ಬೋರ್ ಕೊರೆಸಬೇಡ ಎಂದರೆ ಅವನೇನು ಕುಡಿಯಬೇಕು?

ಇಂಡೊನೇಷ್ಯಾ 2022ರಲ್ಲಿ ರಾಜಧಾನಿಯನ್ನೇ ಜಕಾರ್ತಾದಿಂದ ಬೋರ್ನಿಯೊ ದ್ವೀಪಕ್ಕೆ ಸಾಗಿಸುವ ಕಾನೂನು ಮಾಡಿತು. ರಾಜಧಾನಿ ಹೋದರೂ ಜನ ಹೋಗುವುದಿಲ್ಲವಲ್ಲ. ಟೋಕಿಯೊ ಬೇರೆ ದಾರಿ ಹಿಡಿದಿತ್ತು. ಅಲ್ಲಿನ ಪೂರ್ವ ಭಾಗ ನಾಲ್ಕು ಮೀಟರಿಗೂ ಹೆಚ್ಚು ಇಳಿದಿತ್ತು. 1956 ಮತ್ತು 1962ರ ಕಾನೂನುಗಳಿಂದ ಕೊಳವೆಬಾವಿಗಳಿಗೆ ಕಡಿವಾಣ ಹಾಕಿ, ಕಾರ್ಖಾನೆಗಳಿಗೆ ಬದಲಿ ನೀರು ಕೊಟ್ಟ ಮೇಲೆ ಕುಸಿತ ಬಹುಮಟ್ಟಿಗೆ ನಿಂತಿತು. ಇಳಿದ ನೆಲ ಮಾತ್ರ ಮೊದಲಿನ ಮಟ್ಟಕ್ಕೆ ಏರಲಿಲ್ಲ. ಆ ಬಡಾವಣೆಗಳನ್ನು ಇಂದಿಗೂ ಗೋಡೆಗಳು, ಪಂಪುಗಳು ಕಾಯುತ್ತಿವೆ.