ವೇಡಂತಾಂಗಲ್‌ನ ಹಕ್ಕಿಗಳನ್ನು ಕಾಯ್ದವರು

ಪ್ರಶ್ನೆ: ಚೆನ್ನೈ ಬಳಿಯ ವೇಡಂತಾಂಗಲ್ ನಮ್ಮ ದೇಶದ ಅತಿ ಹಳೆಯ ಪಕ್ಷಿಧಾಮಗಳಲ್ಲಿ ಒಂದು ಎಂದು ಓದಿದೆ. ಅರಣ್ಯ ಇಲಾಖೆಯೇ ಇಲ್ಲದ ಕಾಲದಲ್ಲಿ ಅಲ್ಲಿನ ಹಕ್ಕಿಗಳನ್ನು ಕಾಪಾಡಿದ್ದು ಯಾರು?

ಉತ್ತರ: ಊರಿನ ರೈತರು. ವೇಡನ್ ಎಂದರೆ ನಮ್ಮ ‘ಬೇಡ’ನೇ, ವೇಡಂತಾಂಗಲ್ ಎಂದರೆ ಬೇಡರ ಹಳ್ಳಿ. ಅಂಥ ಹೆಸರಿನ ಊರು ಬೇಟೆಯನ್ನು ತಡೆದು ನಿಂತಿತು.

ಅದು ಸುಮಾರು 30 ಹೆಕ್ಟೇರಿನ ನೀರಾವರಿ ಕೆರೆ. ಹಿಂಗಾರು ಮಳೆಗೆ ತುಂಬಿದಾಗ ಒಳಗಿನ ಮರಗಳು ಅರೆ ಮುಳುಗುತ್ತವೆ. ಸುತ್ತ ನೀರಿದ್ದರೆ ಗೂಡಿಗೆ ಕಳ್ಳಬೆಕ್ಕಿನ ಭಯ ಕಡಿಮೆ. ಹಾಗಾಗಿ ಬಾಯ್ಕಳಕ, ಹೆಜ್ಜಾರ್ಲೆ, ಹಾವಕ್ಕಿ, ನೀರುಕಾಗೆಗಳು ಅಲ್ಲೇ ಮರಿ ಮಾಡುತ್ತವೆ. ಸಾವಿರಾರು ಹಕ್ಕಿಗಳ ಹಿಕ್ಕೆ ನೀರಿಗೆ ಬೀಳುತ್ತದೆ. ತೂಬು ಎತ್ತಿದರೆ ಸಾರಜನಕ, ರಂಜಕ ತುಂಬಿದ ಆ ನೀರು ನೇರ ಭತ್ತದ ಗದ್ದೆಗೆ. ಬೇರೆ ಗೊಬ್ಬರ ಅಷ್ಟಾಗಿ ಬೇಕಾಗದು ಎಂಬುದನ್ನು ರೈತರು ತಲೆಮಾರುಗಳ ಹಿಂದೆಯೇ ಕಂಡುಕೊಂಡಿದ್ದರು. ನಮ್ಮ ಕೊಕ್ಕರೆ ಬೆಳ್ಳೂರಿನವರು ಹುಣಸೆಮರದಡಿಯ ಹಿಕ್ಕೆಯನ್ನು ಹೊಲಕ್ಕೆ ಹಾಕುವುದೂ ಇದೇ ತಿಳಿವಳಿಕೆಯಿಂದ.

ಬ್ರಿಟಿಷ್ ಸಿಪಾಯಿಗಳು ಬಂದು ಹಕ್ಕಿಗಳಿಗೆ ಗುಂಡು ಹಾರಿಸತೊಡಗಿದಾಗ ಊರವರು ಚೆಂಗಲ್ಪಟ್ಟಿನ ಕಲೆಕ್ಟರರ ಬಳಿ ದೂರು ಒಯ್ದರು ಎನ್ನುತ್ತಾರೆ. ಕಲೆಕ್ಟರ್ ಲಯೊನೆಲ್ ಪ್ಲೇಸ್ 1798ರಲ್ಲಿ ಅವರಿಗೆ ಕೌಲು ಬರೆದುಕೊಟ್ಟ. ಹಕ್ಕಿಗಳನ್ನು ಕಾಯುವ ಹಕ್ಕು ಊರಿನದು ಎಂಬ ಪತ್ರ ಅದು. 1858ರಲ್ಲಿ ಅದನ್ನು ನವೀಕರಿಸಲಾಯಿತು. ನಮ್ಮ ರಂಗನತಿಟ್ಟು ಪಕ್ಷಿಧಾಮವಾದದ್ದು 1940ರಲ್ಲಿ ಎಂದು ನೆನೆದರೆ, ಆ ರೈತರ ಬಗ್ಗೆ ಗೌರವ ಮೂಡದೆ ಇರದು.

ಸರ್ಕಾರದ ಮುದ್ರೆ ಬಿದ್ದದ್ದು ಆಮೇಲೆ: 1936ರಲ್ಲಿ ಪಕ್ಷಿಧಾಮವೆಂಬ ಮನ್ನಣೆ, 1962ರಲ್ಲಿ ಅರಣ್ಯ ಕಾಯ್ದೆಯ ರಕ್ಷಣೆ, 2022ರಲ್ಲಿ ಜಾಗತಿಕ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಯಲ್ಲಿ ಜಾಗ. ನನ್ನ ಲೆಕ್ಕಕ್ಕೆ ಇವೆಲ್ಲಕ್ಕಿಂತ ದೊಡ್ಡದು 1998ರ ತೀರ್ಮಾನ. ಆಗ ಕೆರೆಯ ಸುತ್ತ 5 ಕಿಲೋಮೀಟರ್ ನೆಲವೂ ಪಕ್ಷಿಧಾಮಕ್ಕೆ ಸೇರಿತು. ಹಕ್ಕಿ ಗೂಡು ಕಟ್ಟುವುದು ಕೆರೆಯಲ್ಲಿ. ಮರಿಗೆ ಮೀನು, ಕಪ್ಪೆ, ಬಸವನಹುಳು ತರುವುದು ಸುತ್ತಲಿನ ಕೆರೆ, ಗದ್ದೆಗಳಿಂದ. ಆ ವರ್ತುಲವನ್ನು 3 ಕಿಲೋಮೀಟರಿಗೆ ಇಳಿಸುವ ಪ್ರಸ್ತಾವ 2020ರಲ್ಲಿ ಬಂದಾಗ ಪರಿಸರಪ್ರಿಯರು ಬಲವಾಗಿ ವಿರೋಧಿಸಿದ್ದು ಇದಕ್ಕೇ.

ನೋಡಲು ಹೋಗುವುದಾದರೆ ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ ಹೋಗಿ. ಏರಿಯ ಮೇಲೆ ನಿಂತಾಗ ಹಕ್ಕಿಗಳ ಜೊತೆಗೆ, ಬೆನ್ನ ಹಿಂದಿನ ಗದ್ದೆಗಳನ್ನೂ ತಿರುಗಿ ನೋಡಿ.